ಬೇಲಾಪುರದ ಗುಡ್ಡವೂ ದೇವದಾಸ ಅಂಕಲ್ಲರ ಸಿಟ್ಟೂ

ಕಳೆದ ವಾರ ನವಿ ಮುಂಬೈಯ ಸೀವುಡ್ಸ್ ಸ್ಟೇಷನ್ನಿನಲ್ಲಿ ಇಳಿದು ಹೊರಗೆ ಬಂದಾಗ ಮಳೆ ಆಗಷ್ಟೇ ನಿಂತಿತ್ತು. ಜೋಳದ ತೆನೆ ಸುಡುವವನೊಬ್ಬ ತನ್ನ ಗಾಡಿಯ ಮೇಲಿನ ನೀಲಿ ತಾಡಪತ್ರಿಯನ್ನು ಕೋಲಿನಿಂದ ಎತ್ತಿ, ಅದರಲ್ಲಿ ತುಂಬಿದ್ದ ನೀರನ್ನು ರಸ್ತೆಗೆ ಸುರಿದ. ಅರ್ಧ ನೀರು ನನ್ನ ಸೀರೆಗೆ ಬಿತ್ತು. ಬೈಯಲೆಂದು ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟೆ. ಒದ್ದೆ ತಾಡಪತ್ರಿಯ ವಾಸನೆ ಮೂಗಿಗೆ ಬಡಿದಿತ್ತು. ಆ ವಾಸನೆಯಲ್ಲಿ ನನಗೆ ಒಂದಿಡೀ ಮಳೆಗಾಲ ಇದೆ. ಜೊತೆಗಿದ್ದ ಗಂಡ ಏನಾಯಿತೆಂದು ಕೇಳಿದರು. ದೇವದಾಸ ಅಂಕಲ್ ನೆನಪಾದರು ಎಂದೆ. ಅವರು ನಕ್ಕರು. ಅಂಕಲ್ ಜೀವಮಾನದಲ್ಲಿ ಒಮ್ಮೆಯೂ ಬೇಕೆಂದು ತಮಾಷೆ ಮಾಡಿದವರಲ್ಲ, ಆದರೂ ನಮ್ಮ ಸಭೆಯಲ್ಲಿ ಅವರ ಹೆಸರೆತ್ತಿದರೆ ನಗದೆ ಇರುವವರು ಯಾರೂ ಇಲ್ಲ.

ಸಭೆ ಎಂದರೆ ನಮ್ಮ ಕನ್ನಡ ಕ್ರೈಸ್ತರ ಸಭೆ. ದೊಡ್ಡದೇನಲ್ಲ. ಉಡುಪಿ, ಮಂಗಳೂರು ಕಡೆಯಿಂದ ಹಿಂದೆ ಕಾರ್ಖಾನೆ ಕೆಲಸಕ್ಕೆಂದು ಬಂದವರ ಮನೆಗಳು, ನನ್ನ ಹಾಗೆ ಧಾರವಾಡದಿಂದ ಮದುವೆಯಾಗಿ ಬಂದವರು, ಈಚೆಗೆ ಮೈಸೂರು ಬೆಂಗಳೂರಿನಿಂದ ಕಂಪ್ಯೂಟರ್ ಕೆಲಸ ಹಿಡಿದು ಬಂದ ಹೊಸಬರು. ನಮಗೆ ಸ್ವಂತ ಚರ್ಚು ಇಲ್ಲ. ಠಾಣೆಯ ಕೋಪರಿಯಲ್ಲಿ ಮರಾಠಿ ಸಭೆಯವರದೊಂದು ಹಾಲ್ ಇದೆ. ಭಾನುವಾರ ಬೆಳಿಗ್ಗೆ ಅವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ಅದನ್ನು ನಮಗೆ ಬಿಟ್ಟುಕೊಡುತ್ತಾರೆ. ಕಲ್ಯಾಣ, ಡೊಂಬಿವಲಿ, ನವಿ ಮುಂಬೈ ಎಲ್ಲ ಕಡೆಯಿಂದ ನಾವು ಲೋಕಲ್ ಹಿಡಿದು ಅಲ್ಲಿಗೆ ಬಂದು ಸೇರುತ್ತೇವೆ. ತೊಂದರೆ ಏನೆಂದರೆ, ನಮಗೆ ಹಾಲ್ ಸಿಗುವುದು ಭಾನುವಾರ ಮಧ್ಯಾಹ್ನ, ರೈಲಿನವರು ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸಿ ಮೆಗಾಬ್ಲಾಕ್ ಇಡುವುದೂ ಭಾನುವಾರ ಮಧ್ಯಾಹ್ನ. ಆದ್ದರಿಂದ ನಮ್ಮ ಆರಾಧನೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಬೆಳೆದುಬಂದಿತ್ತು. ಕಾಣಿಕೆ ಎತ್ತಿದ ಮೇಲೆ, ಕೊನೆಯ ಕೀರ್ತನೆಗೆ ಮೊದಲು, ಸಭೆಯ ಹಿರಿಯರು ಎದ್ದು ನಿಂತು ಪ್ರಕಟಣೆ ಓದುತ್ತಿದ್ದರು. ಯಾರ ಮನೆಯಲ್ಲಿ ಪ್ರಾರ್ಥನಾ ಕೂಟ, ಯಾರು ಆಸ್ಪತ್ರೆಯಲ್ಲಿದ್ದಾರೆ, ಮುಂದಿನ ವಾರ ಯಾವ ಲೈನಿನಲ್ಲಿ ಬ್ಲಾಕು. ಮೂರನ್ನೂ ಒಂದೇ ಗಂಭೀರ ದನಿಯಲ್ಲಿ.

ಆ ಹಿರಿಯರೇ ದೇವದಾಸ ಅಂಕಲ್. ಮಲ್ಪೆ ಕಡೆಯವರು. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ಆಯುಷ್ಯ ಕಳೆದು ನಿವೃತ್ತರಾಗಿದ್ದರು. ಕಬ್ಬಿಣದ ಸರಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊರೆದ ಅಭ್ಯಾಸವೋ ಏನೋ, ಮನುಷ್ಯರೂ ಹಾಗೆಯೇ ಇರಬೇಕೆಂದು ನಂಬಿದ್ದರು. ಕೀರ್ತನೆಯನ್ನು ಯಾರಾದರೂ ಎಳೆದು ಹಾಡಿದರೆ ತಿರುಗಿ ನೋಡುತ್ತಿದ್ದರು. ನೋಟ ಸಾಕಾಗುತ್ತಿತ್ತು. ಅವರ ಹೆಂಡತಿ ಸುಗುಣಾ ಆಂಟಿ ಇದಕ್ಕೆ ತದ್ವಿರುದ್ಧ. ಗಂಡ ಬೈದವರನ್ನೆಲ್ಲ ಕರೆದು ಗೋಳಿಬಜೆ ತಿನ್ನಿಸುವುದು ಅವರ ಸೇವೆಯಾಗಿತ್ತು. ಕೋಪರಿಯ ಅವರ ಮನೆಯಲ್ಲಿ ಪ್ರತಿ ಬುಧವಾರ ಸಂಜೆ ವೇದಪಾಠ, ಅಂದರೆ ಬೈಬಲ್ ಓದು, ನಡೆಯುತ್ತಿತ್ತು. ನಾನು ಆಗ ವಾಗ್ಳೆ ಎಸ್ಟೇಟಿನಲ್ಲೇ ಒಂದು ವಿಮೆ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಸಂಜೆ ಡೊಂಬಿವಲಿಯ ಗಾಡಿ ಹಿಡಿಯುವ ಮೊದಲು ಅಲ್ಲಿಗೆ ಹೋಗಿ ಅಧ್ಯಾಯ ಓದುವುದು ನನ್ನ ಪಾಲಿನ ಕೆಲಸ. ನನ್ನ ಸ್ವರ ದೊಡ್ಡದು, ಕೆಳಗಿನ ರಸ್ತೆಯ ಹಾರ್ನ್ ಮೀರಿಸುತ್ತದೆ ಎಂದು ಅಂಕಲ್ಲೇ ನನ್ನನ್ನು ನೇಮಿಸಿದ್ದರು. ಬರುವಾಗ ಗೋಳಿಬಜೆಯ ಆಸೆಯೂ ಇರುತ್ತಿತ್ತು, ಸುಳ್ಳೇಕೆ ಹೇಳಲಿ.

ಅವರಿಗೆ ಒಬ್ಬಳೇ ಮಗಳು, ಶಾಂತಿ. ಅಳಿಯ ಅಶೋಕ ಮೈಸೂರಿನವನು, ಸೀವುಡ್ಸ್‌ನಲ್ಲಿ ಫ್ಲ್ಯಾಟು. ಅವನನ್ನು ಅಂಕಲ್ ಸ್ವತಃ ಆರಿಸಿದ್ದರು, ಕಾರಣ ಅವನು ಕೀರ್ತನೆಯನ್ನು ಎಳೆಯದೆ ಹಾಡುತ್ತಿದ್ದ. ಆ ವರ್ಷ ಬೇಸಿಗೆಯಲ್ಲಿ ಅವರಿಗೆ ಹೆಣ್ಣು ಮಗುವಾಯಿತು. ಅಂಕಲ್ ಪ್ರಕಟಣೆಯಲ್ಲಿ ಅದನ್ನು ಓದುವಾಗ ಮೊದಲ ಸಲ ಅವರ ದನಿ ನಡುಗಿತ್ತು, ನಾವೆಲ್ಲ ತಲೆ ತಗ್ಗಿಸಿ ಕೇಳಿಸದವರ ಹಾಗೆ ಕುಳಿತಿದ್ದೆವು.

ಜೂನ್ ಬಂತು, ಮಳೆ ಬಂತು. ಠಾಣೆಯಿಂದ ಖಾಡಿ, ಅಂದರೆ ಸಮುದ್ರದ ಹಿನ್ನೀರು, ದಾಟಿ ನವಿ ಮುಂಬೈಗೆ ಹೋಗುವ ಲೈನಿನಲ್ಲಿ ವಾರವಾರವೂ ಬ್ಲಾಕು ಬೀಳತೊಡಗಿತು. ಸೀವುಡ್ಸ್, ನೆರುಳ್ ಕಡೆಯವರು ಕುರ್ಲಾಕ್ಕೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಊರೆಲ್ಲ ಸುತ್ತಿ ಕೋಪರಿ ಮುಟ್ಟುವಾಗ ಪಾದ್ರಿಗಳ ಉಪದೇಶದ ಪ್ರಸಂಗವೇ ಮುಗಿದಿರುತ್ತಿತ್ತು. ಎಳೆಮಗುವನ್ನು ಎತ್ತಿಕೊಂಡು ಆ ನೂಕುನುಗ್ಗಲಿನಲ್ಲಿ ಶಾಂತಿ ಬರುವುದಂತೂ ಸಾಧ್ಯವೇ ಇರಲಿಲ್ಲ. ಆಗ ಅಶೋಕ ಒಂದು ಸಲಹೆ ತಂದ. ನಮ್ಮ ಸಭೆಯದೇ ಒಂದು ಕುಟುಂಬ ಬೇಲಾಪುರದ ಗುಡ್ಡದ ಮೇಲೆ ಹಳೆಯ ಬಂಗಲೆಯೊಂದರಲ್ಲಿ ಬಾಡಿಗೆಗಿತ್ತು, ಟೆರೇಸು ಅವರ ಪಾಲಿಗೇ ಇತ್ತು. ಮಳೆಗಾಲ ಮುಗಿಯುವವರೆಗೆ ಖಾಡಿಯಾಚೆಯವರು ಅಲ್ಲಿ ಆರಾಧನೆ ಮಾಡಿಕೊಳ್ಳಬಹುದಲ್ಲ ಎಂದು ಕೇಳಿದ. ನಮ್ಮ ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತೇವೆ. ಅಯ್ಯನವರು ಸೌಮ್ಯ ಸ್ವಭಾವದವರು, ಒಂದು ವಾರ ಇಲ್ಲಿ ಒಂದು ವಾರ ಅಲ್ಲಿ ಬರುತ್ತೇನೆಂದು ಒಪ್ಪಿದರು.

ಅಂಕಲ್ ಪ್ರಕಟಣೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟರು. "ಯಾರೊಬ್ಬಾಮ ಸಹ ಇದನ್ನೇ ಹೇಳಿದ್ದು," ಎಂದರು.

ಅಷ್ಟು ಹೇಳಿ ಕುಳಿತರು. ಹೊಸ ಹುಡುಗರಿಗೆ ಯಾರೊಬ್ಬಾಮನೆಂದರೆ ಯಾರೆಂದು ಗೊತ್ತಿರಲಿಲ್ಲ. ಹಿಂದಿಯಲ್ಲಿ ಒಬ್ಬರನ್ನೊಬ್ಬರು ಕೇಳಿಕೊಂಡರು. ಗೊತ್ತಿದ್ದವರಿಗೆ ಮೈ ಬಿಸಿಯಾಯಿತು. ಸೊಲೊಮೋನನ ಕಾಲವಾದ ಮೇಲೆ ಇಸ್ರಾಯೇಲ್ ರಾಜ್ಯ ಎರಡಾಯಿತಲ್ಲ, ಆಗ ಉತ್ತರದ ಪಾಲಿಗೆ ಅರಸನಾದವನು ಅವನು. ದೇವಾಲಯವಿದ್ದ ಯೆರೂಸಲೇಮ್ ದಕ್ಷಿಣದ ಪಾಲಿಗೆ, ಯೆಹೂದಕ್ಕೆ, ಹೋಗಿತ್ತು. ಅಷ್ಟು ದೂರ ಹತ್ತಿ ಹೋಗುವುದು ನಿಮಗೆ ಬಹಳ ಕಷ್ಟ ಎಂದು ಜನರಿಗೆ ಹೇಳಿ, ರಾಜ್ಯದ ಆ ತುದಿಗೊಂದು ಈ ತುದಿಗೊಂದು ಚಿನ್ನದ ಕರು ನಿಲ್ಲಿಸಿ, ಗುಡ್ಡಗಳ ಮೇಲೆ ಪೂಜಾಸ್ಥಳ ಕಟ್ಟಿಸಿದ. ಆಮೇಲೆ ಬಂದ ಕೆಟ್ಟ ಅರಸರನ್ನೆಲ್ಲ ಬೈಬಲು ಅಳೆಯುವುದು ಅವನ ಹೆಸರಿನಿಂದಲೇ. ಅಂಥವನ ಹೆಸರನ್ನು ಮಾವ ಅಳಿಯನ ತಲೆಗೆ ಕಟ್ಟಿದ್ದರು, ಅದೂ ತುಂಬಿದ ಸಭೆಯಲ್ಲಿ. ಅಶೋಕನ ಮುಖ ಕೆಂಪಾಯಿತು. ಮುಂದಿನ ಭಾನುವಾರ ಗುಡ್ಡದ ಮೇಲೆ ಆರಾಧನೆ ನಡೆಯಿತು.

ಆ ಬುಧವಾರ ಅಂಕಲ್ ಹೊಸ ಆಜ್ಞೆ ಹೊರಡಿಸಿದರು. ಮಳೆಗಾಲ ಮುಗಿಯುವವರೆಗೆ ವೇದಪಾಠದಲ್ಲಿ ಬೈಬಲಿನ ಅರಸುಗಳ ಚರಿತ್ರೆಯನ್ನು ಬಿಟ್ಟು ಬೇರೇನೂ ಓದತಕ್ಕದ್ದಲ್ಲ. ಹೀಗೆ ನಾನು, ಧಾರವಾಡದಲ್ಲಿ ಸಂಡೇ ಸ್ಕೂಲಿನಲ್ಲಿ ಆ ಭಾಗ ಬಂದಾಗಲೆಲ್ಲ ನಿದ್ದೆ ಮಾಡಿದವಳು, ಅರಸರ ಹಿಂದೆ ಅರಸರನ್ನು ಗಂಟಲು ಹರಿಯುವಂತೆ ಓದಿದೆ. ಹೊರಗೆ ಮಳೆ, ಒಳಗೆ ಮೀನು ಹುರಿಯುವ ವಾಸನೆ, ನಡುವೆ ಯೆಹೂದದ ಸಿಂಹಾಸನ. ಓದುತ್ತ ಹೋದಂತೆ ನನಗೇ ಗೊತ್ತಿಲ್ಲದೆ ರುಚಿ ಹತ್ತಿತು. ಒಳ್ಳೆಯ ಅರಸ ಬರುತ್ತಾನೆ, ದೇವರಿಗೆ ಮೆಚ್ಚಿಕೆಯಾಗಿ ನಡೆಯುತ್ತಾನೆ, ನಾವು ಸಂತೋಷಪಡುವಷ್ಟರಲ್ಲಿ ಬರೆದವರು ಒಂದು ಕೊಕ್ಕೆ ಇಡುತ್ತಾರೆ, ಆದರೂ ಗುಡ್ಡದ ಪೂಜಾಸ್ಥಳಗಳನ್ನು ಇವನು ತೆಗೆಯಲಿಲ್ಲ ಎಂದು. ನಮ್ಮ ಆಫೀಸಿನ ವರ್ಷದ ಕೊನೆಯ ರಿಪೋರ್ಟಿನ ಹಾಗೆ, ಎಲ್ಲ ಹೊಗಳಿ ಕೊನೆಗೆ ಒಂದು 'ಆದರೆ'. ಆ ಸಾಲು ಬಂದಾಗಲೆಲ್ಲ ಅಂಕಲ್ ಸೀವುಡ್ಸ್ ಇರುವ ದಿಕ್ಕಿಗೆ ನೋಡುತ್ತಿದ್ದರು. ಅಲ್ಲಿ ಗೋಡೆ, ಗೋಡೆಯ ಮೇಲೆ ಶಾಂತಿಯ ಮದುವೆಯ ಫೋಟೋ.

ಆ ಗುಡ್ಡಗಳ ಮೇಲೆ ಇದ್ದದ್ದಾದರೂ ಏನು? ಒಂದು ಕಲ್ಲಿನ ಕಟ್ಟೆ, ನಿಲ್ಲಿಸಿದ ಒಂದು ಕಲ್ಲು, ಅಶೇರ ಎಂಬ ದೇವಿಯ ಹೆಸರಿನ ಮರದ ಕಂಬ, ನೆರಳಿಗೊಂದು ಹಸಿರು ಮರ, ಧೂಪದ ಹೊಗೆ. ಆ ನಾಡಿನವರಿಗೆ ಬಾಳನು ಮಳೆಯ ದೇವರು. ಮಳೆ ಕೈಕೊಟ್ಟರೆ ಬದುಕೇ ಇಲ್ಲದ ಸೀಮೆ ಅದು. ಇಸ್ರಾಯೇಲಿನವರು ಯೆಹೋವನನ್ನು ಬಿಟ್ಟು ಬಾಳನ ಹಿಂದೆ ಹೋದರು ಎಂದು ನಾವು ಸುಲಭವಾಗಿ ಹೇಳುತ್ತೇವೆ. ವಿಮೆ ಆಫೀಸಿನವಳಾದ ನನಗೆ ಹಾಗೆ ಕಾಣಲಿಲ್ಲ. ಅವರು ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಹಿಡಿದವರಲ್ಲ, ಎರಡೂ ಕಡೆ ಪಾಲಿಸಿ ಮಾಡಿಸಿದವರು. ಯಾವುದಕ್ಕೂ ಇರಲಿ ಎಂದು. ಎಲೀಯನೆಂಬ ಪ್ರವಾದಿ ಕರ್ಮೆಲ್ ಬೆಟ್ಟದ ಮೇಲೆ ನಿಂತು ಜನರನ್ನು ತರಾಟೆಗೆ ತೆಗೆದುಕೊಂಡದ್ದು ಇದಕ್ಕೇ, ಎರಡು ದೋಣಿಯಲ್ಲಿ ಕಾಲಿಟ್ಟದ್ದಕ್ಕೆ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಆ ಬೈಗುಳವೆಲ್ಲ ಮನೆಯೊಳಗಿನ ಬೈಗುಳ. ಆ ಗ್ರಂಥದವರು ಕಣ್ಣು ಕೆಂಪು ಮಾಡುವುದು ಪಕ್ಕದ ಮನೆಯವರ ಮೇಲೆ ಅಷ್ಟಲ್ಲ, ಮಾತು ಕೊಟ್ಟು ತಪ್ಪಿದ ತಮ್ಮವರ ಮೇಲೆ. ಅಂಕಲ್ಲರಿಗೆ ಇದು ನಾನು ಹೇಳುವ ಮೊದಲೇ ಗೊತ್ತಿತ್ತು. ಅವರ ಬಿಲ್ಡಿಂಗಿನಲ್ಲಿ ಇವರೊಬ್ಬರನ್ನು ಬಿಟ್ಟರೆ ಎಲ್ಲರೂ ಹಿಂದೂಗಳು. ಗಣಪತಿ ಹಬ್ಬಕ್ಕೆ ಪೆಂಡಾಲಿನ ಕಬ್ಬಿಣದ ಚೌಕಟ್ಟು ಸೊಟ್ಟಗಾದರೆ ಸರಿ ಮಾಡಿಕೊಡುತ್ತಿದ್ದವರು ಇದೇ ಅಂಕಲ್. ಕೆಳಗಿನ ಮನೆಯವರು ಗುಡ್ಡದ ದೇವಿಗೆ ಹರಕೆ ಹೊತ್ತು ಹೋಗುವಾಗ ಅವರ ಮನೆಯ ಬೀಗದ ಕೈ ಇವರ ಬಳಿಯೇ ಇರುತ್ತಿತ್ತು. ಆ ಜನರ ಬಗ್ಗೆ ಅವರ ಬಾಯಿಂದ ಒಂದು ಹಗುರ ಮಾತು ನಾನು ಕೇಳಿಲ್ಲ. ಅವರ ಸಿಟ್ಟೆಲ್ಲ ಅಳಿಯನಿಗೆ ಮೀಸಲು.

ಜುಲೈ ಹೊತ್ತಿಗೆ ಸಭೆಯಲ್ಲಿ ಕೋಪರಿಯವರು, ಗುಡ್ಡದವರು ಎಂದು ಎರಡು ಹೆಸರು ಹುಟ್ಟಿಕೊಂಡಿದ್ದವು. ಮೊದಮೊದಲು ಅದು ತಮಾಷೆಯಾಗಿತ್ತು. ಆಮೇಲೆ ತಮಾಷೆ ತೆಳ್ಳಗಾಯಿತು. ಶಾಂತಿ ಅಪ್ಪನಿಗೆ ಫೋನ್ ಮಾಡಿದರೆ ಅವರು ಆಂಟಿಯ ಕೈಗೆ ಕೊಟ್ಟು ಬಾಲ್ಕನಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಸುದ್ದಿ ಬಂತು, ಆಗಸ್ಟ್ ಕೊನೆಯ ಭಾನುವಾರ ಮಗುವಿಗೆ ಗುಡ್ಡದ ಮೇಲೆಯೇ ದೀಕ್ಷಾಸ್ನಾನ. ಬುಧವಾರ ಪಾಠ ಮುಗಿದು ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅಂಕಲ್ ಬಾಗಿಲವರೆಗೆ ಬಂದರು.

"ಪ್ರೇಮಾ, ಈ ಭಾನುವಾರ ನೀನೊಮ್ಮೆ ಅಲ್ಲಿಗೆ ಹೋಗಿ ಬಾ. ಎಂತ ನಡೀತದೆ ಅಂತ ನೋಡು. ನಾನು ಕಳ್ಸಿದ್ದು ಅಂತ ಹೇಳ್ಬೇಡ."

ಗೂಢಚಾರಿಣಿಯಾಗಿ ಹೋದೆ. ಸೀವುಡ್ಸ್‌ನಿಂದ ಹಿಡಿದ ಆಟೋ ಅರ್ಧ ಏರಿನಲ್ಲಿ ಕೆಮ್ಮಿ ನಿಂತಿತು, ಮಿಕ್ಕಿದ್ದನ್ನು ಕಾಲ್ನಡಿಗೆಯಲ್ಲಿ ಹತ್ತಿದೆ. ಗುಡ್ಡದ ತುಂಬ ಹಸಿರು ಉಕ್ಕಿತ್ತು. ಕಲ್ಲಿನ ಸಂದಿಯಿಂದ ನೀರು ರಸ್ತೆಗೆ ಇಳಿಯುತ್ತಿತ್ತು. ಟೆರೇಸಿನ ಮೇಲೆ ದೊಡ್ಡ ನೀಲಿ ತಾಡಪತ್ರಿ ಕಟ್ಟಿದ್ದರು, ಗಾಳಿ ಬಂದಾಗ ಅದು ಪ್ರಸಂಗಕ್ಕಿಂತ ಜೋರಾಗಿ ಮಾತಾಡುತ್ತಿತ್ತು. ಪಕ್ಕದ ಮನೆಯ ಮರಾಠಿ ಹೆಂಗಸು ಕುರ್ಚಿ ಕೊಟ್ಟಿದ್ದಳು, ಜೊತೆಗೆ ಬಟಾಟೆವಡೆಯನ್ನೂ. ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋಗಿ ಬರುವವರು ಹಾಡು ಕೇಳಿ ಒಂದು ಕ್ಷಣ ನಿಂತು, ಮೇಲೆ ನೋಡಿ ಹೋಗುತ್ತಿದ್ದರು. ದೂರದಲ್ಲಿ ಖಾಡಿ ಬೂದು ಬಣ್ಣಕ್ಕೆ ತಿರುಗಿ ಮಲಗಿತ್ತು. ಅಶೋಕ ಗಿಟಾರ್ ಹಿಡಿದು, ನಾವು ಕೋಪರಿಯಲ್ಲಿ ಹಾಡುವ ಅದೇ ಹಳೆಯ ಕೀರ್ತನೆಯನ್ನು ಹಾಡಿಸುತ್ತಿದ್ದ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಮಕ್ಕಳೆಲ್ಲ ಕನ್ನಡದಲ್ಲಿ ಬಾಯಿ ತೆರೆದು ಹಾಡುತ್ತಿದ್ದರು. ನನಗೆ ಅಲ್ಲಿ ಬಹಳ ಹಿಡಿಸಿತು. ಹಿಡಿಸಿದ್ದಕ್ಕೆ ಒಳಗೊಳಗೇ ಅಂಕಲ್ಲರಿಗೆ ಹೆದರಿದೆ.

ಆರಾಧನೆ ಮುಗಿದ ಮೇಲೆ ಶಾಂತಿ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಅಜ್ಜನ ಮೂಗು, ಅಜ್ಜನ ಹುಬ್ಬು. ಆ ಹುಬ್ಬು ಗಂಟಿಕ್ಕಿಕೊಂಡೇ ನಿದ್ದೆ ಮಾಡುತ್ತಿತ್ತು. ಶಾಂತಿಗೆ ನಾನೇಕೆ ಬಂದಿದ್ದೇನೆಂದು ಕೇಳದೆಯೇ ಗೊತ್ತಾಗಿತ್ತು.

"ಅಕ್ಕ, ಅಪ್ಪ ಬರ್ತಾರಾ? ಅಪ್ಪ ಬಾರದಿದ್ರೆ ನಾನು ಇವಳಿಗೆ ದೀಕ್ಷಾಸ್ನಾನ ಮಾಡಿಸುದೇ ಇಲ್ಲ. ಅಶೋಕ್‌ಗೂ ಹೇಳಿದ್ದೇನೆ."

ಇದು ನಾನು ನೆನೆಸಿದ್ದಕ್ಕಿಂತ ದೊಡ್ಡ ಗಂಟು. ಅಶೋಕ ಪಕ್ಕದಲ್ಲೇ ಕುರ್ಚಿ ಮಡಚುತ್ತಿದ್ದ. ಮಾವನ ಹತ್ತಿರ ಹೋಗಿ ಮಾತಾಡಬಾರದೇನೋ ಎಂದು ಕೇಳಿದೆ. ಎಲ್ಲರ ಎದುರಿಗೆ ಹಾಗಂದರಲ್ಲ, ಈಗ ನಾನು ಹೋದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ ಎಂದ. ಅವನೂ ಪಟ್ಟು ಹಿಡಿಯುವುದರಲ್ಲಿ ಮಾವನಿಗೆ ತಕ್ಕ ಅಳಿಯನೇ. ಇಬ್ಬರು ಹಟಮಾರಿಗಳ ನಡುವೆ ಮಗು ಹುಬ್ಬು ಗಂಟಿಕ್ಕಿ ಮಲಗಿತ್ತು.

ಬುಧವಾರ ಅಂಕಲ್ ನನ್ನನ್ನು ಕೋರ್ಟಿನಲ್ಲಿ ನಿಲ್ಲಿಸಿದ ಹಾಗೆ ವಿಚಾರಿಸಿದರು. ಗುಡ್ಡ ಎಷ್ಟು ಎತ್ತರ? ಮರ ಉಂಟಾ? ಉಂಟು, ಟೆರೇಸಿನ ಮೇಲೆ ಬಾಗಿದ ಒಂದು ಮಾವು ಎಂದೆ. ಹಸಿರು ಮರ, ಎಂದು ಆಂಟಿಯ ಕಡೆ ತಿರುಗಿ ಹೇಳಿದರು, ಸಾಕ್ಷಿ ಸಿಕ್ಕಿದವರ ಹಾಗೆ. ಕರು ಒಂದಿತ್ತಾ ಎಂದು ಆಂಟಿ ಒಳಗಿನಿಂದ ಕೇಳಿದರು. ಇತ್ತು, ಗೇಟಿನ ಹತ್ತಿರ ಒಂದು ನಿಜವಾದ ಕರು ನಿಂತು ಬಟಾಟೆವಡೆಯ ಕಾಗದ ತಿನ್ನುತ್ತಿತ್ತು ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಂಟಿ ಒಲೆಯ ಮುಂದೆಯೇ ನಕ್ಕು ನಕ್ಕು ಕೆಮ್ಮಿದರು. ಅಂಕಲ್ ನಗಲಿಲ್ಲ. ಶಾಂತಿಯ ಮಾತನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಓದು ಎಂದರು.

ಆ ಹೊತ್ತಿಗೆ ನಾವು ಯೋಷೀಯನವರೆಗೆ ಬಂದಿದ್ದೆವು. ದಕ್ಷಿಣದ ರಾಜ್ಯದಲ್ಲಿ ಗುಡ್ಡದ ಪೂಜಾಸ್ಥಳಗಳನ್ನೆಲ್ಲ ಕೆಡವಿ, ಸುಟ್ಟು, ಬೂದಿ ಮಾಡಿದ ಅರಸ. ಅಂಕಲ್ಲರಿಗೆ ಅಚ್ಚುಮೆಚ್ಚಿನವನು. ಓದಿ ಮುಗಿಸಿದೆ. ನನ್ನ ಸ್ವಭಾವ, ಬಾಯಿಗೆ ಬಂದದ್ದು ಒಳಗೆ ನಿಲ್ಲುವುದಿಲ್ಲ. ಗುಡ್ಡದಲ್ಲಿ ಆರಾಧನೆ ಮಾಡಿದ್ದೇ ತಪ್ಪಾಗಿದ್ದರೆ ಸಮುವೇಲ ಪ್ರವಾದಿ ಗುಡ್ಡದ ಮೇಲೆಯೇ ಬಲಿಯನ್ನು ಆಶೀರ್ವದಿಸಿ ಜನರೊಂದಿಗೆ ಊಟಕ್ಕೆ ಕುಳಿತದ್ದೇಕೆ ಎಂದು ಕೇಳಿದೆ. ಸೊಲೊಮೋನನಿಗೆ ದೇವರು ಕನಸಿನಲ್ಲಿ ಕಾಣಿಸಿಕೊಂಡದ್ದೂ ಗಿಬ್ಯೋನಿನ ಗುಡ್ಡದ ಮೇಲೆಯೇ ಅಲ್ಲವೇ ಎಂದೆ. ಆಗ ಇನ್ನೂ ದೇವಾಲಯ ಕಟ್ಟಿರಲಿಲ್ಲ ಎಂದರು ಅಂಕಲ್. ನಮಗೂ ಇನ್ನೂ ಕಟ್ಟಿಲ್ಲವಲ್ಲ, ಕೋಪರಿಯ ಹಾಲ್ ಮರಾಠಿಯವರದು ಎಂದೆ. ಆಂಟಿ ಅಡುಗೆಮನೆಯಲ್ಲಿ ಸೌಟು ನಿಲ್ಲಿಸಿದ್ದು ಕೇಳಿಸಿತು.

ನನ್ನ ತಲೆಯಲ್ಲಿ ಅಷ್ಟು ವಾರಗಳ ಓದು ಒಂದು ಆಕಾರಕ್ಕೆ ಬಂದಿತ್ತು. ಎತ್ತರದ ಜಾಗವಾದ ಮಾತ್ರಕ್ಕೆ ತಪ್ಪಾಗಿರಲಿಲ್ಲ. ಒಂದೊಂದು ಗುಡ್ಡದವರು ದೇವರನ್ನು ತಂತಮ್ಮ ಅಳತೆಗೆ ಕತ್ತರಿಸಿಕೊಂಡದ್ದು ತಪ್ಪು. ಕೇಳಿದ್ದು ಕೊಡುವ, ತಿರುಗಿ ಏನನ್ನೂ ಕೇಳದ ದೇವರು ಅವರಿಗೆ ಬೇಕಾಗಿತ್ತು. ಮೇಲೆ ಧೂಪ ಹಾಕಿ, ಕೆಳಗಿಳಿದು ವಿಧವೆಯ ಹೊಲ ನುಂಗುತ್ತಿದ್ದರು. ಪ್ರವಾದಿಗಳು ಕೂಗಾಡಿದ್ದು ಆ ಎರಡನ್ನೂ ಒಟ್ಟಿಗೆ ನೋಡಿ. ಯಾರೊಬ್ಬಾಮನ ಕಥೆಯನ್ನೂ ಮತ್ತೊಮ್ಮೆ ಓದಿಕೊಂಡಿದ್ದೆ. ಜನರ ಕಾಲುನೋವು ಅವನಿಗೊಂದು ನೆಪ. ಅವರು ಯೆರೂಸಲೇಮಿಗೆ ಹೋದರೆ ಮನಸ್ಸು ಅಲ್ಲಿನ ಅರಸನ ಕಡೆ ತಿರುಗೀತು, ತನ್ನ ಕೈ ಬಿಟ್ಟು ಹೋದಾರು ಎಂಬ ಭಯದಿಂದ ಅವನು ಅದನ್ನೆಲ್ಲ ಕಟ್ಟಿಸಿದ್ದು. ಅದನ್ನು ಅಂಕಲ್ಲರಿಗೆ ಹೇಳಿದೆ. ಹೇಳಿ ಸುಮ್ಮನಿದ್ದರೆ ಚೆನ್ನಾಗಿತ್ತು.

"ಅಂಕಲ್, ಜನಾ ಕೈ ಬಿಟ್ಟು ಹೋಗ್ತಾರಂತ ಅಂಜಿದಾಂವ ಯಾರೊಬ್ಬಾಮ. ಇಲ್ಲೆ ಅಂಜಿದವ್ರು ಯಾರು? ಅಶೋಕಗಂತೂ ಅಂಜಿಕಿ ಕಾಣ್ಲಿಲ್ರೀ."

ಅವರು ಎದ್ದು ಬಾಲ್ಕನಿಗೆ ಹೋದರು. ಆ ಬುಧವಾರ ಗೋಳಿಬಜೆಯನ್ನು ನಾನು ಮತ್ತು ಆಂಟಿ ಇಬ್ಬರೇ ತಿಂದೆವು, ನನಗೆ ರುಚಿ ಹತ್ತಲಿಲ್ಲ. ರೈಲಿನಲ್ಲಿ ಇಡೀ ದಾರಿ ನನ್ನನ್ನು ನಾನೇ ಬೈದುಕೊಂಡೆ. ಭಾನುವಾರ ಕೋಪರಿಯಲ್ಲಿ ಅಂಕಲ್ ನನ್ನ ಕೈಗೆ ಕೀರ್ತನೆ ಪುಸ್ತಕ ಕೊಡುವಾಗ ಬೇರೆ ಕಡೆ ನೋಡಿದರು.

ದೀಕ್ಷಾಸ್ನಾನಕ್ಕೆ ಮೊದಲಿನ ಬುಧವಾರ ಹೋಗುವುದೋ ಬೇಡವೋ ಎಂದು ಹೋದೆ. ಅಂಕಲ್ ಆಗಲೇ ಮೇಜಿನ ಮುಂದೆ ಕುಳಿತಿದ್ದರು. ವೇದಪುಸ್ತಕ ತೆರೆದಿತ್ತು, ಆದರೆ ಅರಸರ ಭಾಗದಲ್ಲಿ ಅಲ್ಲ, ಅದಕ್ಕಿಂತ ಬಹಳ ಹಿಂದೆ, ಯೆಹೋಶುವನ ಕಾಲದಲ್ಲಿ. ಇವತ್ತು ನಾನೇ ಓದುತ್ತೇನೆ ಎಂದರು. ಕಾರ್ಖಾನೆಯಲ್ಲಿ ಅಳತೆ ನೋಡುವಾಗ ಹೇಗೋ ಹಾಗೆ, ಬೆರಳಿಟ್ಟು ಒಂದೊಂದೇ ಸಾಲನ್ನು ಓದಿದರು.

ಇಸ್ರಾಯೇಲಿನವರು ನಾಡು ಹಂಚಿಕೊಂಡ ಮೇಲೆ ಅವರ ಕೆಲವು ಕುಲಗಳ ಪಾಲಿಗೆ ಯೊರ್ದನ್ ಹೊಳೆಯ ಆಚೆ ದಡ ಬಂತು. ಅವರು ಹೊಳೆಯ ಹತ್ತಿರ ಒಂದು ದೊಡ್ಡ ಬಲಿಪೀಠ ಕಟ್ಟಿದರು. ಈಚೆಯವರಿಗೆ ಸುದ್ದಿ ಮುಟ್ಟಿತು. ನೋಡಿ, ಆಗಲೇ ಬೇರೆ ದೇವರ ಹಿಂದೆ ಹೋದರು ಎಂದು ಎಲ್ಲರೂ ಯುದ್ಧಕ್ಕೆ ಕೂಡಿದರು. ಆದರೆ ಕತ್ತಿ ಎತ್ತುವ ಮೊದಲು ಕೆಲವು ಹಿರಿಯರನ್ನು ಕೇಳಿ ಬರಲು ಕಳಿಸಿದರು. ಆಚೆಯವರು ಗಾಬರಿಯಾದರು. ಇದು ಬಲಿ ಕೊಡುವುದಕ್ಕಲ್ಲ, ನಾಳೆ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ, ನಡುವೆ ಹೊಳೆ ಇದೆ, ನಿಮಗೂ ನಮ್ಮ ದೇವರಿಗೂ ಏನು ಸಂಬಂಧ ಎಂದು ಹೇಳದಿರಲೆಂದು, ನಾವೂ ಅವನವರೇ ಎಂಬುದಕ್ಕೆ ಸಾಕ್ಷಿಯಾಗಿ ಕಟ್ಟಿದ್ದು ಎಂದರು. ಹೋದ ಹಿರಿಯರಿಗೆ ಸಂತೋಷವಾಯಿತು. ಯುದ್ಧದ ಮಾತು ಅಲ್ಲಿಗೇ ನಿಂತಿತು.

ಅಂಕಲ್ ಪುಸ್ತಕ ಮುಚ್ಚಿದರು. "ಸೈನ್ಯ ಕಟ್ಟಿ ಆಯ್ತು ನಮ್ಮದು. ಕೇಳ್ಲಿಕ್ಕೆ ಮಾತ್ರ ಯಾರೂ ಹೋಗ್ಲಿಲ್ಲ," ಎಂದರು. ಅಷ್ಟೇ. ಭಾನುವಾರ ಬರುತ್ತೇನೆ ಎಂದು ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ. ಅಷ್ಟು ವಯಸ್ಸಾದ ಮನುಷ್ಯ ತನ್ನ ವಿರುದ್ಧ ತಾನೇ ಪುಸ್ತಕ ಹುಡುಕಿ ತೆಗೆದು ಓದಿದ್ದನ್ನು ನೋಡಿ ನನಗೆ ಕಣ್ಣು ತುಂಬಿ ಬಂದಿತ್ತು. ಅವರ ಮೇಲಿನ ನನ್ನ ಪ್ರೀತಿ ಎಷ್ಟೆಂದು ನನಗೆ ಗೊತ್ತಾದದ್ದೇ ಆ ಸಂಜೆ.

ಆ ಭಾನುವಾರ ಮತ್ತೆ ಬ್ಲಾಕು, ಮೇಲಿಂದ ಮಳೆ. ಕೋಪರಿಯ ಆರಾಧನೆಯನ್ನು ಬಿಟ್ಟು ಎಲ್ಲರೂ ಒಂದು ಬಸ್ಸು ಮಾಡಿಕೊಂಡು ಹೊರಟೆವು. ಸುಗುಣಾ ಆಂಟಿ ಒಬ್ಬರೇ ಬಂದು ಹತ್ತಿದರು, ಮಡಿಲಲ್ಲಿ ಮಗುವಿನ ಬಿಳಿ ಅಂಗಿಯ ಚೀಲ. ಅಂಕಲ್ ಬೆಳಿಗ್ಗೆಯೇ ಎದ್ದು ಹೊರಗೆ ಹೋದರಂತೆ, ಎಲ್ಲಿಗೆಂದು ಹೇಳಲಿಲ್ಲವಂತೆ, ಫೋನ್ ಎತ್ತುತ್ತಿಲ್ಲವಂತೆ.

ಐರೋಲಿಯ ಸೇತುವೆ ದಾಟುವಾಗ ಯಾರೋ ಕೀರ್ತನೆ ಎತ್ತಿದರು, ಆಂಟಿ ಹಾಡಲಿಲ್ಲ. ಗುಡ್ಡದ ಬುಡದಲ್ಲಿ ಬಸ್ಸಿನವನು ಮೇಲೆ ಹತ್ತಿಸುವುದಿಲ್ಲ ಎಂದ. ಸಭೆಗೆ ಸಭೆಯೇ ಕೊಡೆ ಹಿಡಿದು ನಡೆಯಿತು. ಕೋಪರಿಯವರು ದಾರಿಯುದ್ದಕ್ಕೂ ಏದುಸಿರು ಬಿಡುತ್ತ, ದೇವಸ್ಥಾನದ ಮೆಟ್ಟಿಲಿಗಿಂತ ಇದು ಜಾಸ್ತಿ ಎನ್ನುತ್ತ, ನಗುತ್ತ ಹತ್ತಿದರು.

ಟೆರೇಸಿನ ಮೇಲೆ ಶಾಂತಿ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಕೊನೆಯವರು ಬಂದ ಮೇಲೂ ಮೆಟ್ಟಿಲ ಕಡೆ ನೋಡುತ್ತಲೇ ಇದ್ದಳು. ಅಯ್ಯನವರು ನಿಲುವಂಗಿ ತೊಟ್ಟು ಕಾಯುತ್ತಿದ್ದರು. ಸ್ವಲ್ಪ ಹೊತ್ತು ನೋಡೋಣ ಎಂದರು. ಆ ಸ್ವಲ್ಪ ಹೊತ್ತು ಬಹಳ ಹೊತ್ತಾಯಿತು. ಅಶೋಕ ಹೆಂಡತಿಯ ಹತ್ತಿರ ಹೋಗಿ ಏನೋ ಹೇಳಿದ, ಅವಳು ತಲೆ ಅಲ್ಲಾಡಿಸಿದಳು. ನಾನು ಅವರ ಮುಖ ನೋಡಲಾಗದೆ ಗೋಡೆಯ ಅಂಚಿಗೆ ಹೋಗಿ ನಿಂತೆ. ಕೆಳಗೆ ತಿರುವಿನಲ್ಲಿ ಒಂದು ಕಪ್ಪು ಕೊಡೆ ಕಾಣಿಸಿತು. ನಾಲ್ಕು ಹೆಜ್ಜೆ ಹತ್ತುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ.

"ಅಶೋಕ," ಎಂದೆ. ನನ್ನ ಸ್ವರ ದೊಡ್ಡದು ಎಂದೆನಲ್ಲ, ಆಗ ಅದು ಪಿಸುಮಾತಾಗಿ ಹೊರಟಿತು. ಆದರೂ ಅವನು ಬಂದು ಕೆಳಗೆ ನೋಡಿದ. ಹುಡುಗ ಕೊಡೆಯನ್ನೂ ತೆಗೆದುಕೊಳ್ಳದೆ ಓಡಿದ.

ಇಬ್ಬರೂ ಮೇಲೆ ಬಂದಾಗ ಅಂಕಲ್ಲರ ಕೈ ಅಳಿಯನ ಹೆಗಲ ಮೇಲಿತ್ತು, ಇಬ್ಬರ ಬಟ್ಟೆಯಿಂದಲೂ ನೀರು ಸುರಿಯುತ್ತಿತ್ತು. ಅಂಕಲ್ ಕುರ್ಲಾ ಸುತ್ತಿ, ಎರಡು ಗಾಡಿ ಬದಲಿಸಿ ಬಂದಿದ್ದರು. ನಮ್ಮ ಬಸ್ಸಿನಲ್ಲೇ ಬರಬಾರದಿತ್ತೇ ಎಂದು ಆಂಟಿ ಗದರಿದರು.

"ಎಲ್ಲರ ಒಟ್ಟಿಗೆ ಬಂದ್ರೆ ಸೈನ್ಯ ಬಂದ ಹಾಗೆ ಕಾಣ್ತದೆ. ನಾನು ಕೇಳ್ಲಿಕ್ಕೆ ಬಂದದ್ದು," ಎಂದರು ಅಂಕಲ್.

ಅವರು ಟೆರೇಸಿಗೆ ಕಾಲಿಡಲಿಲ್ಲ. ಕೊನೆಯ ಮೆಟ್ಟಿಲ ಮೇಲೆಯೇ ನಿಂತರು. ಕೊಡೆ ಮಡಚಿದರು. ಸಭೆಯ ಎದುರಿಗೆ ಬೈದಿದ್ದರು, ಸಭೆಯ ಎದುರಿಗೇ ಕೇಳಿದರು. ಅಳಿಯನನ್ನು ನೋಡಿ, ಮಗಳನ್ನು ನೋಡಿ, ಪ್ರಕಟಣೆಯ ಅದೇ ದನಿಯಲ್ಲಿ ಕೇಳಿದರು.

"ಇದನ್ನು ಎಂತಕ್ಕೆ ಕಟ್ಟಿದ್ದು ನೀವು?"

ಶಾಂತಿ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರ ಬಂದಳು.

"ಇವಳಿಗೆ ಹಾಡು ಕೇಳಿಸ್ಲಿಕ್ಕೆ ಅಪ್ಪ. ಖಾಡಿ ದಾಟಿ ನಿಮ್ಮ ಹತ್ರ ಬರುವಷ್ಟು ದೊಡ್ಡವಳಾಗುವವರೆಗೆ, ಇವಳು ನಮ್ಮವಳಲ್ಲ ಅಂತ ಯಾರೂ ಹೇಳ್ಬಾರ್ದು ಅಂತ."

ಅಂಕಲ್ ಕನ್ನಡಕ ತೆಗೆದು ಜೇಬಿಗಿಟ್ಟರು, ಒದ್ದೆಯಾದ ಅದರಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ. ಒದ್ದೆ ಕೈಯನ್ನು ಅಂಗಿಗೆ ಒರೆಸಿದರು, ಅಂಗಿ ಅದಕ್ಕಿಂತ ಒದ್ದೆ. ಕೊನೆಗೆ ಮಗಳ ಸೆರಗಿಗೇ ಕೈ ಒರೆಸಿ, ಮಗುವನ್ನು ಎತ್ತಿಕೊಂಡು, ಟೆರೇಸಿಗೆ ಕಾಲಿಟ್ಟು ಮುಂದಿನ ಸಾಲಿಗೆ ನಡೆದರು.

"ಸುರು ಮಾಡಿ ಅಯ್ನೋರೇ," ಎಂದರು.